ಆನ್‌ಲೈನ್ ಕೋರ್ಸನ್ನು ಪರೀಕ್ಷಾ ವಿಭಾಗಕ್ಕೆ ಜೋಡಿಸುವ ವಿಧಾನ

ಪೆಟ್ಟಿಗೆಯಲ್ಲಿ ಏನೇನಿದೆ

ಈ ಕೈಪಿಡಿಯ ಜೊತೆ ಎರಡು ತಂತ್ರಾಂಶಗಳು ಇರಬೇಕು. ಒಂದು ಪಾಠ ಹೇಳುವಂಥದ್ದು: ಕೇಂದ್ರ ಸರ್ಕಾರ 2017ರಲ್ಲಿ ಶುರುಮಾಡಿದ ಸ್ವಯಂ, ಅಥವಾ ಕಾಲೇಜಿನ ಹಳೇ ಸರ್ವರ್‌ನಲ್ಲಿ ಪುಕ್ಕಟೆ ಹಾಕಿಕೊಂಡ ಮೂಡಲ್. ಇನ್ನೊಂದು ಅಂಕಪಟ್ಟಿ ಕೊಡುವಂಥದ್ದು: ಪ್ರವೇಶಾತಿ, ಶುಲ್ಕ, ಹಾಲ್ ಟಿಕೆಟ್, ಫಲಿತಾಂಶ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಆಡಳಿತದ ತಂತ್ರಾಂಶ. ಇವೆರಡರ ನಡುವಿನ ತಂತಿ ಪೆಟ್ಟಿಗೆಯಲ್ಲಿ ಕಾಣದಿದ್ದರೆ ಗಾಬರಿ ಬೇಡ. ಅದು ಬೇರೆಯಾಗಿ ಬರುತ್ತದೆ. ಹೆಗಲಿಗೊಂದು ಬ್ಯಾಗು ಹಾಕಿಕೊಂಡು, ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು ಹಿಡಿದು, ಬೆಳಗ್ಗೆ ಹತ್ತೂವರೆಗೇ ಕೌಂಟರ್ ಮುಂದೆ ನಿಂತಿರುತ್ತದೆ. ಅದನ್ನು ವಿದ್ಯಾರ್ಥಿ ಎನ್ನುತ್ತಾರೆ.

ಜೋಡಣೆಗೆ ಮುನ್ನ

ಯುಜಿಸಿ ನಿಯಮಾವಳಿಯನ್ನು ಒಮ್ಮೆ ಓದಿಕೊಳ್ಳಿ. ಒಂದು ಸೆಮಿಸ್ಟರ್‌ನ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಓದಬಹುದು ಎನ್ನುತ್ತದೆ 2021ರ ನಿಯಮ. 2016ರದ್ದರಲ್ಲಿ ಇದು ಶೇ. 20 ಇತ್ತು. ಹೀಗೆ ಗಳಿಸಿದ ಕ್ರೆಡಿಟ್ಟನ್ನು ಯಾವ ವಿಶ್ವವಿದ್ಯಾಲಯವೂ ನಿರಾಕರಿಸುವಂತಿಲ್ಲ. ಆದ್ದರಿಂದ ನಿರಾಕರಿಸಲೇಬೇಡಿ. 'ಪರಿಶೀಲನೆಯಲ್ಲಿದೆ' ಎನ್ನಿ. ಕಡತವನ್ನು ಅಧ್ಯಯನ ಮಂಡಳಿಗೆ ಕಳಿಸಿ; ಅಲ್ಲಿಂದ ನಿಕಾಯಕ್ಕೆ, ನಿಕಾಯದಿಂದ ವಿದ್ಯಾವಿಷಯಕ ಪರಿಷತ್ತಿಗೆ. ಅದು ವಾಪಸು ಬರುವಷ್ಟರಲ್ಲಿ ಹನ್ನೆರಡು ವಾರದ ಕೋರ್ಸು ಮುಗಿದಿರುತ್ತದೆ, ಅರ್ಜಿದಾರನ ಡಿಗ್ರಿಯೂ ಮುಗಿದಿದ್ದರೆ ಕಡತವನ್ನು ಮುಕ್ತಾಯಗೊಳಿಸಬಹುದು.

ಕ್ರೆಡಿಟ್ ಅಳತೆ

ಸ್ವಯಂನಲ್ಲಿ ಐಐಟಿಗಳು ಪಾಠ ಹೇಳುವ ಎನ್‌ಪಿಟಿಇಎಲ್‌ನ ಹನ್ನೆರಡು ವಾರದ ಕೋರ್ಸಿಗೆ 3 ಕ್ರೆಡಿಟ್. ನಿಮ್ಮ ಪಠ್ಯಕ್ರಮದ ಪತ್ರಿಕೆಗೆ 4 ಇದ್ದರೆ ಒಂದು ಕಡಿಮೆ ಬಿತ್ತು. ನಾಲ್ಕು ವಾರದ ಕೋರ್ಸಿಗೆ 1 ಕ್ರೆಡಿಟ್ ಇರುವುದರಿಂದ ಅಂಥದ್ದೊಂದನ್ನು ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ ಎಂದು ಯಾವನೋ ಬುದ್ಧಿವಂತ ಹುಡುಗ ಹೇಳಿಯಾನು. ತಂತ್ರಾಂಶದಲ್ಲಿ ಒಂದು ಪತ್ರಿಕೆಗೆ ಒಂದೇ ಕೋಡ್ ಎಂದು ತಿಳಿಸಿ ಅವನನ್ನು ಕಂಪ್ಯೂಟರ್ ವಿಭಾಗಕ್ಕೆ ಕಳಿಸಿ. ಕಂಪ್ಯೂಟರ್ ವಿಭಾಗದವರು ಸುತ್ತೋಲೆ ಕೇಳುತ್ತಾರೆ.

ಅಂಕಗಳದ್ದು ಇನ್ನೊಂದು ಕಥೆ. ಅವರದು ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ನಿಮ್ಮಲ್ಲಿ ಇಂಟರ್ನಲ್ಸ್ 40, ಪರೀಕ್ಷೆ 60 ಇದ್ದರೆ 25ಕ್ಕೆ 20 ತೆಗೆದವನಿಗೆ 40ಕ್ಕೆ 32 ಎಂದು ಬರೆದರಾಯಿತು, ಏಳನೇ ಕ್ಲಾಸಿನ ತ್ರೈರಾಶಿ. ಆದರೆ ಅಂಕಪಟ್ಟಿ ನಮೂನೆಯ ಕೆಳಗೆ 'ವಿಷಯ ಬೋಧಕರ ಸಹಿ' ಎಂಬ ಜಾಗವಿದೆಯಲ್ಲ? ಬೋಧಕರು ಖರಗಪುರದ ಐಐಟಿಯಲ್ಲಿದ್ದಾರೆ. ಅವರನ್ನು ಕರೆಸುವುದು ಕಷ್ಟವಾದರೆ, ಕೋರ್ಸಿನ ಹೆಸರನ್ನೂ ಕೇಳಿರದ ವಿಭಾಗ ಮುಖ್ಯಸ್ಥರಿಂದ 'ಪರವಾಗಿ' ಎಂದು ಬರೆಸಿ ಸಹಿ ಪಡೆಯಿರಿ.

ಗುರುತಿನ ಹೊಂದಾಣಿಕೆ

ಇದೇ ಮುಖ್ಯ ಘಟ್ಟ, ನಿಧಾನವಾಗಿ ಓದಿ. ನಿಮ್ಮಲ್ಲಿ ಮಂಜುನಾಥ ಕೆ. ಎಂ. ಎಂಬ ವಿದ್ಯಾರ್ಥಿ ಇದ್ದಾನೆ ಎನ್ನೋಣ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಇಂಗ್ಲಿಷ್ ಹೆಸರಿನ ಕೊನೆಗೆ 'ಎ' ಇದೆ, ಆಧಾರ್‌ನಲ್ಲಿ ಇಲ್ಲ. ಪ್ರವೇಶಾತಿಯಲ್ಲಿ ಇನಿಶಿಯಲ್ ಬಿಡಿಸಿ ಬರೆಯಲು ಹೇಳಿದ್ದರಿಂದ ಊರು, ಅಪ್ಪ ಇಬ್ಬರೂ ಹೆಸರಿನೊಳಗೆ ಬಂದು ಕೂತಿದ್ದಾರೆ. ಸ್ವಯಂನಲ್ಲಿ ಅವನೇ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ನೋಂದಾಯಿಸಿದ್ದು. ಅಲ್ಲಿ ಇನಿಶಿಯಲ್ ಮುಂದೆ, ಹೆಸರು ಹಿಂದೆ. ಅವನ ತಾಯಿಗೆ ಇವನು ಒಬ್ಬನೇ ಮಗ. ಕಂಪ್ಯೂಟರಿಗೆ ನಾಲ್ವರು. ನಾಲ್ವರೂ ಒಬ್ಬನೇ ಎಂಬ ಅಫಿಡವಿಟ್ ಮಾಡಿಸಿಕೊಂಡು ಬರಲು ಹೇಳಿ. ನೋಟರಿಗೂ ಜೀವನ ನಡೆಯಬೇಕು.

ಈ ತಲೆನೋವು ಬೇಡವೆಂದೇ ಒಬ್ಬ ವಿದ್ಯಾರ್ಥಿಗೆ ಒಂದೇ ಎಂಬ 12 ಅಂಕಿಗಳ ಅಪಾರ್ ಸಂಖ್ಯೆ ಬಂದಿರುವುದು. ಯುಜಿಸಿ 2021ರಲ್ಲಿ ತಂದ ಕ್ರೆಡಿಟ್ ಬ್ಯಾಂಕಿಗೂ ಇದೇ ಕೀಲಿ. ಹೆಸರು ಬಿಟ್ಟು ಸಂಖ್ಯೆ ಹಿಡಿದರೆ ಕೆಲಸ ಸಲೀಸು. ಹಾಗಾಗಬಾರದು ಎಂದಿದ್ದರೆ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆಯಿರಿ. 12 ಅಂಕಿ ಕಂಡೊಡನೆ ಎಕ್ಸೆಲ್ ಅದನ್ನು ವಿಜ್ಞಾನದ ಲೆಕ್ಕವೆಂದು ತಿಳಿದು 4.56789ಇ+11 ಎಂದು ತೋರಿಸುತ್ತದೆ. ಈಗ ಅದನ್ನು ಸಿಎಸ್‌ವಿ ಫೈಲಾಗಿ ಸೇವ್ ಮಾಡಿ. ಮತ್ತೆ ತೆರೆದಾಗ ಕೊನೆಯ ಆರು ಅಂಕಿಗಳ ಜಾಗದಲ್ಲಿ ಆರು ಸೊನ್ನೆಗಳು ಸಾಲಾಗಿ ನಿಂತಿರುತ್ತವೆ. ಈ ಫೈಲನ್ನೇ 'ಫೈನಲ್', 'ಫೈನಲ್ ಹೊಸದು', 'ಫೈನಲ್ ಹೊಸದು 2' ಎಂಬ ಹೆಸರುಗಳಲ್ಲಿ ಪರೀಕ್ಷಾ ವಿಭಾಗಕ್ಕೆ ಮೇಲ್ ಮಾಡಿ.

ಮಾಡಬಾರದ್ದು

ಪ್ರವೇಶಾತಿಯ ದಿನವೇ ಅಪಾರ್ ಸಂಖ್ಯೆ ಪಡೆದು, ಆ ಕಾಲಮ್ಮನ್ನು ಟೆಕ್ಸ್ಟ್ ಎಂದು ಗುರುತು ಮಾಡಿ, ಮೂಡಲ್‌ನಲ್ಲಿ ಐಡಿ ನಂಬರ್ ಎಂಬ ಖಾನೆಯಲ್ಲೂ ಅದನ್ನೇ ತುಂಬಬಾರದು. ಹೊರಗಿನ ತಂತ್ರಾಂಶದ ಜೊತೆ ತಾಳೆ ನೋಡಲೆಂದೇ ಆ ಖಾನೆಯನ್ನು ಇಟ್ಟಿದ್ದಾರೆ. ತುಂಬಿದರೆ ತಾಳೆ ಆಗಿಬಿಡುತ್ತದೆ. ಯಾವ ಆನ್‌ಲೈನ್ ಕೋರ್ಸು ಯಾವ ಪತ್ರಿಕೆಗೆ ಸಮ ಎಂಬ ಪಟ್ಟಿಯನ್ನು ಸೆಮಿಸ್ಟರ್ ಶುರುವಾಗುವ ಮೊದಲು ಪ್ರಕಟಿಸಬಾರದು. ವಿದ್ಯಾರ್ಥಿಯ ವಿವರದಲ್ಲಿ ತಪ್ಪಿದ್ದರೆ ತಿದ್ದುವ ಅಧಿಕಾರ ಯಾರದು ಎಂದು ಆದೇಶ ಹೊರಡಿಸಲೇಬಾರದು, ಏಕೆಂದರೆ ಆಮೇಲೆ ಅವರು ತಿದ್ದಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಇದರಲ್ಲಿ ತಂತ್ರಜ್ಞಾನದ ಕೆಲಸ ಕಾಲು ಪಾಲು ಮಾತ್ರ ಎಂದು ಯಾರ ಎದುರೂ ಬಾಯಿಬಿಡಬೇಡಿ. ಟೆಂಡರ್ ಕರೆಯುವುದು ಕಷ್ಟವಾಗುತ್ತದೆ.

ತೊಂದರೆ ಕಂಡುಬಂದರೆ

ಕ್ರೆಡಿಟ್ ಬಂದಿಲ್ಲ ಎಂಬ ದೂರು ಬಂದರೆ ಸರ್ವರ್ ಡೌನ್ ಎನ್ನಿ. ಸರ್ವರ್ ಅಪ್ ಇದ್ದರೆ ಕೇಸ್ ವರ್ಕರ್ ರಜೆ. ಕೇಸ್ ವರ್ಕರ್ ಎದುರಿಗೇ ಕೂತಿದ್ದರೆ ಕುಲಸಚಿವರನ್ನು ಕಾಣಲು ಹೇಳಿ. ಕುಲಸಚಿವರು ಇದು ಮೌಲ್ಯಮಾಪನ ಕುಲಸಚಿವರಿಗೆ ಸೇರಿದ್ದು ಎನ್ನುತ್ತಾರೆ, ಆ ಕಟ್ಟಡ ಕ್ಯಾಂಪಸ್ಸಿನ ಇನ್ನೊಂದು ತುದಿಯಲ್ಲಿದೆ, ಅಲ್ಲಿ ಊಟದ ವಿರಾಮ ಶುರುವಾಗಿರುತ್ತದೆ.

ಇಷ್ಟೆಲ್ಲ ಎಚ್ಚರಿಕೆ ವಹಿಸಿದ ಮೇಲೂ, ಗುತ್ತಿಗೆ ಮೇಲೆ ಬಂದ ಯಾರೋ ಪ್ರೋಗ್ರಾಮರ್ ಹುಡುಗಿ ರಾತ್ರಿ ಕೂತು ಎರಡು ತಂತ್ರಾಂಶಗಳನ್ನೂ ಜೋಡಿಸಿಬಿಡುವ ಸಂಭವ ಉಂಟು. ಬೆಳಗ್ಗೆ ಎಲ್ಲರ ಕ್ರೆಡಿಟ್ಟೂ ತನ್ನಷ್ಟಕ್ಕೆ ಬಂದು ಕೂತಿದ್ದು, ಕೌಂಟರ್ ಮುಂದೆ ನರಪಿಳ್ಳೆಯೂ ಇಲ್ಲದಿದ್ದರೆ ತಡಮಾಡಬೇಡಿ. ಅವಳನ್ನು ಘಟಿಕೋತ್ಸವ ಸಮಿತಿಗೆ ನಿಯೋಜಿಸಿ, ಶಾಮಿಯಾನದ ಕುರ್ಚಿ ಎಣಿಸುವ ಜವಾಬ್ದಾರಿ ಕೊಡಿ.