ಪಹಣಿ ಇಲ್ಲದ ಸಾಕ್ಷಿ

ನೀಲಗಿರಿ ಬೆಟ್ಟದ ಜೌಗಿನ ಕೆಸರಿನಿಂದ ಎದ್ದುಬಂದು ಪ್ರಯೋಗಾಲಯದ ಗಾಜಿನ ಪಟ್ಟಿಯ ಮೇಲೆ ಕೂತಿದ್ದ ಹುಲ್ಲಿನ ಪರಾಗಕಣವನ್ನು ನಮ್ಮ ಪ್ರತಿನಿಧಿ ಸೂಕ್ಷ್ಮದರ್ಶಕದೊಳಗೆ ಇಣುಕಿ ಮಾತನಾಡಿಸಿದರು.

ನಮಸ್ಕಾರ ಅಜ್ಜಾ. ವಯಸ್ಸೆಷ್ಟಾಯಿತು?
ಸುಮಾರು 20,000. ಜನನ ಪ್ರಮಾಣಪತ್ರ ಕೇಳಬೇಡಿ. ಕೆಸರು ಪರೀಕ್ಷಿಸಿದವರ ಲೆಕ್ಕ ಅದು.

ಇಷ್ಟು ಕಾಲ ಕೊಳೆಯದೆ ಉಳಿದಿರಲ್ಲ!
ಜೌಗಿನ ತಳದಲ್ಲಿ ಗಾಳಿಯಾಡುವುದಿಲ್ಲ, ಕೊಳೆಸುವವರಿಗೇ ಉಸಿರಿಲ್ಲ. ಜೊತೆಗೆ ಸ್ಪೋರೊಪೊಲ್ಲೆನಿನ್ ಎಂಬ ಗಟ್ಟಿ ವಸ್ತುವಿನ ಕವಚ ಬೇರೆ. ಪ್ರಯೋಗಾಲಯದವರು ಗಂಧಕಾಮ್ಲ ಸುರಿದರು, ಗಾಜನ್ನೇ ತಿನ್ನುವ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅದ್ದಿದರು. ಮರಳು ಕರಗಿತು. ನಾನು ಎಣ್ಣೆಸ್ನಾನ ಅಂದುಕೊಂಡೆ.

ನಿಮ್ಮನ್ನು ಎಣಿಸಿ ಯಾರಿಗೇನು ಲಾಭ?
ಸ್ವೀಡನ್ನಿನ ಲೆನ್ನಾರ್ಟ್ ಫಾನ್ ಪೋಸ್ಟ್ 1916ರಲ್ಲಿ ಶುರು ಮಾಡಿದ ಚಾಳಿ. ಜೌಗಿನ ಯಾವ ಪದರದಲ್ಲಿ ಯಾವ ಮರದ ಪರಾಗ ಶೇಕಡಾ ಎಷ್ಟು ಅಂತ ಲೆಕ್ಕ ಹಾಕಿ, ಕಾಡು ಬದಲಾದ ಕತೆ ಹೇಳಿದ. ನಮ್ಮಲ್ಲಿ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ, ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಇದನ್ನೇ ಮಾಡುತ್ತಾರೆ.

ಎಣಿಕೆಯನ್ನು ನಂಬಬಹುದೇ?
ಕಣ್ಣುಮುಚ್ಚಿ ನಂಬಬೇಡಿ. ಗಾಳಿಗೆ ತೂರಿಕೊಳ್ಳುವ ನಾವು ರಾಶಿ ರಾಶಿ ಸಿಗುತ್ತೇವೆ. ಜೇನಿನ ಕಾಲಿಗಂಟಿ ಹೋಗುವವರು ಲೆಕ್ಕಕ್ಕೆ ಸಿಗುವುದೇ ಅಪರೂಪ. ನಮ್ಮ ಹುಲ್ಲಿನ ಕುಲದಲ್ಲಂತೂ ಎಲ್ಲರದ್ದೂ ಒಂದೇ ಮುಖ: ಉಂಡೆ, ಉಂಡೆಗೊಂದು ತೂತು. ಬರೀ ಮುಖ ನೋಡಿ ಯಾವ ಹುಲ್ಲೆಂದು ಹೇಳುವುದು ಕಷ್ಟ. ಅದಕ್ಕೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಕೆಸರಿನ ಇಂಗಾಲದ ಐಸೊಟೋಪುಗಳನ್ನೇ ಅಳೆದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬರ ತಾಳುವ ಹುಲ್ಲಿನ ಇಂಗಾಲದ ಗುರುತೇ ಬೇರೆ, ಮರದ್ದೇ ಬೇರೆ. ಹಿಮಯುಗ ಜೋರಾಗಿದ್ದಾಗ ಬೆಟ್ಟದಲ್ಲಿ ನಮ್ಮದೇ ದರಬಾರು. ಮಳೆ ಹೆಚ್ಚಿದಾಗ ಶೋಲಾ ಎಂಬ ನಿತ್ಯಹಸಿರು ಕಾಡು ಹಬ್ಬಿತು, ಒಣಗಿದಾಗ ಮತ್ತೆ ನಾವು.

ಜನ ಕಾಡು ಕಡಿದು ಹುಲ್ಲುಗಾವಲಾಯಿತು ಅನ್ನುತ್ತಾರಲ್ಲ?
ಬೆಟ್ಟದ ತೋಡ ಬುಡಕಟ್ಟಿನವರು ಎಮ್ಮೆ ಮೇಯಿಸಿದರು, ಹುಲ್ಲಿಗೆ ಬೆಂಕಿಯನ್ನೂ ಇಟ್ಟರು, ಇಲ್ಲ ಅನ್ನಲಾರೆ. ಆದರೆ ಅವರಿಗಿಂತ ಸಾವಿರಾರು ವರ್ಷ ಮೊದಲೇ ನಾನಲ್ಲಿದ್ದೆ. ಚಳಿಗಾಲದ ರಾತ್ರಿ ಬಯಲಲ್ಲಿ ಇಬ್ಬನಿ ಹೆಪ್ಪುಗಟ್ಟಿದರೆ ಶೋಲಾ ಸಸಿ ಬದುಕುವುದು ಕಷ್ಟ. ಇದೆಲ್ಲ ಬ್ರಿಟಿಷ್ ಸಾಹೇಬರಿಗೆ ಯಾಕೆ ಬೇಕು? ಮರವಿಲ್ಲವೇ, ಪಾಳು ಅಂತ ಬರೆದರು. ಆಸ್ಟ್ರೇಲಿಯಾದಿಂದ ವ್ಯಾಟಲ್, ನೀಲಗಿರಿ ಮರಗಳನ್ನು ತರಿಸಿ ನೆಟ್ಟರು. ಆಮೇಲೆ ಸಾಹೇಬರು ಹೋದರು, ಫೈಲು ಇಲ್ಲೇ ಉಳಿಯಿತು. ನಮ್ಮವರು ಅದನ್ನೇ ತೆರೆದು ಇನ್ನಷ್ಟು ನೆಟ್ಟರು.

ತಾವು ತಕರಾರು ಅರ್ಜಿ ಕೊಡಲಿಲ್ಲವೇ?
ಕೊಟ್ಟೆ. ಪಹಣಿ ತನ್ನಿ ಅಂದರು. ನಾನೇ ಪಹಣಿ ಅಂದೆ. ಮೊಹರು ಎಲ್ಲಿ ಅಂದರು. ನನ್ನ ತೂತು ತೋರಿಸಿದೆ. ನಾಳೆ ಬನ್ನಿ ಅಂದರು.

ಈಗ ಪರಿಸ್ಥಿತಿ ಹೇಗಿದೆ?
ಮದ್ರಾಸ್ ಹೈಕೋರ್ಟ್ ಗದರಿದ ಮೇಲೆ ವ್ಯಾಟಲ್ ಕೀಳುತ್ತಿದ್ದಾರೆ. ನೆಟ್ಟದ್ದೂ ಅರಣ್ಯ ಇಲಾಖೆ, ಕೀಳುವುದೂ ಅದೇ ಇಲಾಖೆ. ಬಿಲ್ಲು ಎರಡಕ್ಕೂ ಆಗುತ್ತದೆ, ಅವರಿಗೇನು ನಷ್ಟ?

ನಮ್ಮ ಓದುಗರಿಗೆ ಏನಾದರೂ ಹೇಳುವುದಿದೆಯೇ?
ಬಾಬಾಬುಡನ್‌ಗಿರಿ, ಕುದುರೆಮುಖದ ಕಡೆಯೂ ನಮ್ಮ ಬಳಗವಿದೆ. ವನಮಹೋತ್ಸವ ಅಂತ ಸಸಿ ಹೊತ್ತು ಹುಲ್ಲಿನ ಬೆಟ್ಟ ಹತ್ತುವವರು ಕಂಡರೆ, ಗುಂಡಿ ತೋಡುವ ಮುಂಚೆ ಸ್ವಲ್ಪ ತಡೆದು ಕೇಳಿ: ಇಲ್ಲಿ ಮೊದಲು ಮರ ಇತ್ತೇನ್ರೀ?