ಲೂಪಾಚಾರ್ಯರು

ಊರೂರ ಗೋಡೆಗಳ ಮೊಳೆಗೆ ನೇತುಬೀಳುವ ಪಂಚಾಂಗಕ್ಕೆ ಹೆಸರು ಕೊಟ್ಟ ಬಡಾವಣೆ ನಮ್ಮ ಒಂಟಿಕೊಪ್ಪಲ್. ಇಲ್ಲಿ ಹುಟ್ಟಿದವರಿಗೆ ಲೆಕ್ಕದ ಹುಚ್ಚು ನೀರಿನಲ್ಲೇ ಬರುತ್ತದೆಯೋ ಏನೋ. ನಮ್ಮ ಬೀದಿಯ ಲೂಪಾಚಾರ್ಯರನ್ನು ನೋಡಿದ ಮೇಲೆ ನನಗೆ ಅನುಮಾನವೇ ಉಳಿದಿಲ್ಲ.

ನಾಮಕರಣದಲ್ಲಿ ಇಟ್ಟ ಹೆಸರು ಬೇರೆ ಇದೆ. ಅದೀಗ ಆಧಾರ್ ಕಾರ್ಡಿನಲ್ಲಿ ಮಾತ್ರ. ವಯಸ್ಸು ನಲವತ್ತರ ಅಂಚು. ಎದುರಿಗೆ ಸಿಕ್ಕರೆ ನಾನು ಏಕವಚನವೇ, ಬರೆಯಲು ಕೂತಾಗ ಮಾತ್ರ ಯಾಕೋ ಬಹುವಚನ ಬರುತ್ತದೆ. ಹಗಲೆಲ್ಲ ಮನೆಯಲ್ಲೇ ಕೂತು ಯಾವುದೋ ದೇಶದ ವಿಮಾ ಕಂಪನಿಯ ಲೆಕ್ಕ ಸರಿಮಾಡುತ್ತಾರೆ. ರಾತ್ರಿ ಒಂಬತ್ತಕ್ಕೆ ಅಮ್ಮ ಬಡಿಸಿದ ಮಜ್ಜಿಗೆ ಅನ್ನ ಮುಗಿಸಿ ಮಹಡಿ ಹತ್ತಿದರೆಂದರೆ ರೋಲರ್ ಕೋಸ್ಟರ್ ಕಟ್ಟುವ ಕೆಲಸ ಶುರು, ಕಂಪ್ಯೂಟರಿನೊಳಗೆ.

"ಇನ್ನೂ ಗೇಮ್ ಆಡ್ತೀಯೇನಪ್ಪಾ?" ಎಂದು ಒಮ್ಮೆ ಕೇಳಿ ತಪ್ಪು ಮಾಡಿದೆ.

"ಆಡೋದಲ್ಲ ಅಂಕಲ್, ಡಿಸೈನ್ ಮಾಡೋದು. ರಿಯಲಿಸ್ಟಿಕ್."

ಆ ಕೊನೆಯ ಪದವನ್ನು ಅವರು ಹೇಳಿದ ಧಾಟಿಯಲ್ಲಿ ನಮ್ಮಜ್ಜಿ 'ಮಡಿ' ಅನ್ನುತ್ತಿದ್ದರು.

ಮಡಿ ಅಂದರೆ ಮಡಿಯೇ. ಆಟದಲ್ಲಿ ಬೇಕಾದರೆ ಕಂಬವೇ ಇಲ್ಲದೆ ಹಳಿಯನ್ನು ಗಾಳಿಯಲ್ಲಿ ತೇಲಿಬಿಡಬಹುದಂತೆ. ಅವರಿಗೆ ಅದು ಮೈಲಿಗೆ. ಪ್ರತಿ ಕಂಬಕ್ಕೂ ಅಡಿಪಾಯ ಬೇಕು, ಅಡಿಪಾಯಕ್ಕೆ ಬೋಲ್ಟು ಬೇಕು. ಏರುಹಳಿಯ ಪಕ್ಕದಲ್ಲಿ ಮೆಕ್ಯಾನಿಕ್ ಹತ್ತಲು ಮೆಟ್ಟಿಲು, ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ, ರೈಲು ನಡುವೆ ನಿಂತುಬಿಟ್ಟರೆ ಜನರನ್ನು ಇಳಿಸಿಕೊಳ್ಳಲು ದಾರಿ, ಕೆಳಗೆ ಮಳೆನೀರು ಹೋಗಲು ಚರಂಡಿ. ಚರಂಡಿಗೆ ಎಷ್ಟು ಇಳಿಜಾರು ಕೊಟ್ಟಿದ್ದೇನೆಂದು ವಿವರಿಸುತ್ತಿದ್ದಾಗ ಕೆಳಗಿನಿಂದ ಅಮ್ಮನ ದನಿ ಬಂತು. ಆ ಮನೆಯ ಹಿತ್ತಲ ಮೋರಿ ಯುಗಾದಿಯಿಂದ ಕಟ್ಟಿಕೊಂಡಿದೆ.

"ಅಲ್ಲಿ ಕಾಲಿಡಕ್ಕೂ ಒಂದು ನರಪಿಳ್ಳೆ ಇಲ್ಲ, ಅಲ್ಲಿಗೆ ಚರಂಡಿ. ಇಲ್ಲಿ ಜಾರಿ ಬೀಳೋಳು ನಾನು!"

"ನಾಳೆ ಪ್ಲಂಬರ್ ಬರ್ತಾನಮ್ಮಾ" ಎಂದರು, ಪರದೆಯಿಂದ ಕಣ್ಣು ಕೀಳದೆ.

ಹುಚ್ಚು ಹತ್ತಿದ್ದು 1999ರಲ್ಲಿ. ಕ್ರಿಸ್ ಸಾಯರ್ ಎಂಬ ಸ್ಕಾಟ್ಲೆಂಡಿನವನು ಹೆಚ್ಚುಕಡಿಮೆ ಒಬ್ಬನೇ ಕೂತು, ಅದೂ ಬಹುಪಾಲು ಅಸೆಂಬ್ಲಿ ಭಾಷೆಯಲ್ಲಿ, ರೋಲರ್‌ಕೋಸ್ಟರ್ ಟೈಕೂನ್ ಎಂಬ ಆಟ ಬರೆದ. (ಅಸೆಂಬ್ಲಿ ಭಾಷೆ ಎಂದರೆ ಗೋಧಿಯನ್ನು ಒಂದೊಂದೇ ಕಾಳು ಎಣಿಸಿ ಚಪಾತಿ ಮಾಡಿದಂತೆ ಎಂದು ನನಗೆ ತಿಳಿಸಿಕೊಡಲಾಗಿದೆ.) ಹೈಸ್ಕೂಲಿನ ಹುಡುಗ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ತೆತ್ತು ಪಾರ್ಕ್ ಕಟ್ಟಿದ. ಆ ಆಟದಲ್ಲಿ ಕೋಸ್ಟರ್ ಕಟ್ಟಿ ಖಾಲಿ ಬಂಡಿ ಓಡಿಸಿದ ಮೇಲೆ ಮೂರು ಅಂಕ ಬರುತ್ತವೆ: ಉತ್ಸಾಹ ಎಷ್ಟು, ತೀವ್ರತೆ ಎಷ್ಟು, ವಾಕರಿಕೆ ಎಷ್ಟು. ತೀವ್ರತೆ ಹತ್ತು ದಾಟಿದರೆ ಹೆಚ್ಚಿನ ಜನ ಹತ್ತುವುದೇ ಇಲ್ಲ. ವಾಕರಿಕೆ ಹೆಚ್ಚಾದರೆ ಹತ್ತಿ ಇಳಿದು ದಾರಿಯಲ್ಲಿ ಕಾರುತ್ತಾರೆ, ಗುಡಿಸಲು ಆಳು ಇಡಬೇಕು.

ಅಂದಿನಿಂದ ಲೋಕವನ್ನೇ ಈ ಮೂರು ಅಂಕಗಳಲ್ಲಿ ಅಳೆಯುತ್ತಾರೆ. ಸೋದರಮಾವನ ಷಷ್ಟ್ಯಬ್ದಿಗೆ ಉತ್ಸಾಹ ಎರಡು, ತೀವ್ರತೆ ಎಂಟು. ಪಕ್ಕದ್ಮನೆ ಆಂಟಿ ಹೊಸದಾಗಿ ಯೂಟ್ಯೂಬ್ ನೋಡಿ ಮಾಡಿದ ಬೀಟ್ರೂಟ್ ಬಿಸಿಬೇಳೆಬಾತಿಗೆ ಕೊಟ್ಟ ಮೂರನೇ ಅಂಕವನ್ನು ಇಲ್ಲಿ ಬರೆಯಲಾರೆ, ಅವರೂ ಓದುತ್ತಾರೆ.

ಆಮೇಲೆ 2001ರಲ್ಲಿ ನೋಲಿಮಿಟ್ಸ್, 2016ರಲ್ಲಿ ಪ್ಲಾನೆಟ್ ಕೋಸ್ಟರ್. ನೋಲಿಮಿಟ್ಸನ್ನು ನಿಜವಾದ ಕೋಸ್ಟರ್ ಕಂಪನಿಗಳೂ ಬಳಸುತ್ತವಂತೆ. ಅದನ್ನು ಹೇಳುವಾಗ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಲೂಪಾಚಾರ್ಯ ಎಂಬ ಬಿರುದು ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ. ಅಮ್ಮ ನಡುಮನೆಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ನಾನು ಪೇಪರ್ ಕೇಳಲು ಹೋದವನು, ಮಾತಿಗೆ ಏನಾದರೂ ಇರಲಿ ಎಂದು, "ಅಲ್ಲಯ್ಯಾ, ಆ ತಲೆಕೆಳಗಾಗೋ ಸುತ್ತು, ಲೂಪು, ಗುಂಡಗೇ ಇರುತ್ತಲ್ಲ, ಅದರಲ್ಲೇನು ಮಹಾ ಡಿಸೈನು?" ಅಂದೆ.

"ಗುಂಡಗಾ? ಅಂಕಲ್, ಗುಂಡಗೆ ಮಾಡಿದ್ರೆ ಕೊಲೆ ಕೇಸು."

ಅಮ್ಮನ ಕೈಯಿಂದ ಒಂದು ಬಳೆ ಜಾರಿಸಿಕೊಂಡು ಹಿಡಿದರು. "ಇದು ಬಳೆ. ಮೇಲ್ಗಡೆ ಬಂಡಿ ಕೆಳಕ್ಕೆ ಬೀಳದಷ್ಟು ವೇಗ ಬೇಕೋ ಬೇಡವೋ? ಆ ವೇಗ ಸಿಗೋ ಹಾಗೆ ಕೆಳಗಿನಿಂದ ನುಗ್ಗಿದ್ರೆ, ಕೆಳಗಡೆ ನಿಮ್ಮ ತೂಕ ಆರು ಪಟ್ಟು. ತಲೆ ಒಂದೇ ಐದು ಕೆ.ಜಿ. ಇರುತ್ತೆ. ಕತ್ತಿನ ಮೇಲೆ ಮೂವತ್ತು ಕೆ.ಜಿ., ಒಂದು ಮೂಟೆ ಅಕ್ಕಿ!" ನನ್ನ ಕೈ ತಾನಾಗಿ ಕತ್ತಿಗೆ ಹೋಯಿತು. "1895ರಲ್ಲಿ ಅಮೆರಿಕದ ಕೋನಿ ಐಲೆಂಡಲ್ಲಿ ಫ್ಲಿಪ್ ಫ್ಲ್ಯಾಪ್ ಅಂತ ಹೀಗೇ ಗುಂಡಗೆ ಕಟ್ಟಿದ್ರು. ಹತ್ತಿದೋರು ಕತ್ತು ಹಿಡ್ಕೊಂಡು ಇಳಿದ್ರು."

ಬಳೆ ಕೆಳಗಿಟ್ಟು, ಕಟ್ಟಿ ಮುಗಿಸಿದ್ದ ಮಲ್ಲಿಗೆ ದಂಡೆಯನ್ನೇ ಎತ್ತಿಕೊಂಡರು. ನಡುವಿಗೆ ಬೆರಳು ಕೊಟ್ಟು ಮೇಲೆತ್ತಿ, ಕೆಳಗೆ ಎರಡು ತುದಿಗಳನ್ನು ಒಂದರ ಮೇಲೊಂದು ಹಾಯಿಸಿ ಅಗಲಿಸಿದರು. ತಲೆಕೆಳಗು ಮಾಡಿದ ನೀರಿನ ಹನಿಯಂಥ ಕುಣಿಕೆ. "ನೋಡಿ. ಮೇಲೆ ಬಿಗಿ, ಕೆಳಗೆ ಸಡಿಲ. ವೇಗ ಜಾಸ್ತಿ ಇರೋ ಕಡೆ ತಿರುವು ದೊಡ್ಡದು, ಕಮ್ಮಿ ಇರೋ ಕಡೆ ಚಿಕ್ಕದು. ಭಾರ ಹಂಚಿ ಹೋಯ್ತು. ಜರ್ಮನಿಯ ವೆರ್ನರ್ ಸ್ಟೆಂಗೆಲ್ ಈ ಲೆಕ್ಕ ಹಾಕಿ, 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೆವಲ್ಯೂಷನ್ ನಿಂತಿತು. ಇವತ್ತಿಗೂ ಎಲ್ರೂ ಅದೇ ದಾರಿ."

"ದೇವರಿಗೆ ಕಟ್ಟಿದ್ದು ಕಣೋ ಅದು, ಇಡೋ ಕೆಳಗೆ" ಎಂದರು ಅಮ್ಮ. ಆ ದಿನ ವೆಂಕಟರಮಣಸ್ವಾಮಿಗೆ ಏರಿದ ದಂಡೆ ಸ್ವಲ್ಪ ನಲುಗಿತ್ತು. ನಾನು ಪೇಪರ್ ಮರೆತು ಮನೆಗೆ ಬಂದೆ. ಬಿರುದು ಮಾತ್ರ ಸಂಜೆಯೊಳಗೆ ಬೀದಿಯೆಲ್ಲ ಸುತ್ತಿತು.

ಇತ್ತೀಚೆಗೆ ಅವರು ಹಳಿಯನ್ನೇ ಎಳೆಯುವುದಿಲ್ಲ. ಯಾವ ಕ್ಷಣದಲ್ಲಿ ಕೂತವನ ಮೈಮೇಲೆ ಎಷ್ಟು ಭಾರ ಬೀಳಬೇಕು, ಯಾವಾಗ ಸೀಟಿನಿಂದ ಅರ್ಧ ಇಂಚು ಏಳಬೇಕು ಎಂದು ಮೊದಲೇ ಬರೆಯುತ್ತಾರೆ. ಹಳಿ ಅದಕ್ಕೆ ತಕ್ಕಂತೆ ತಾನೇ ಬಾಗಿಕೊಳ್ಳುತ್ತದೆ. ಹೀಗೆ ಒಂದು ತಿರುವಿನ ಕುಲುಕು ತೆಗೆಯಲು ಮೂರು ವಾರ ಹಿಡಿಯಿತು. ಮೊದಲಿನದನ್ನೂ ಆಮೇಲಿನದನ್ನೂ ತೋರಿಸಿ "ವ್ಯತ್ಯಾಸ ಗೊತ್ತಾಯ್ತಾ?" ಎಂದು ನನ್ನ ಮುಖವನ್ನೇ ನೋಡುತ್ತ ಕೂತರು. ಎಂಟನೇ ಕ್ರಾಸಿನ ಗಣೇಶೋತ್ಸವದ ಕಚೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು, ರಾಗ ಯಾವುದೆಂದು ತಿಳಿಯದೆ ತಲೆಯಾಡಿಸಿದ ಅನುಭವ ಇಷ್ಟು ವರ್ಷಗಳ ಮೇಲೆ ಕೈಹಿಡಿಯಿತು.

ಇವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಳ್ಳಬಾರದು. ಸರ್ಕಲ್ ಸುತ್ತುವಾಗಲೆಲ್ಲ "ಛೆ, ಬ್ಯಾಂಕಿಂಗೇ ಇಲ್ಲ" ಎಂದು ಬೆನ್ನ ಹಿಂದೆ ಗೊಣಗುತ್ತಾರೆ. ತಿರುವಿನಲ್ಲಿ ರಸ್ತೆ ಒಳಮಗ್ಗುಲಿಗೆ ವಾಲಬೇಕಂತೆ, ನಮ್ಮಲ್ಲಿ ನೀರು ಹೋಗಲೆಂದು ಹೊರಕ್ಕೆ ವಾಲಿಸಿದ್ದಾರಂತೆ. ಹಂಪ್ ಬಂದರೆ ಮಾತ್ರ ಖುಷಿ. "ಏರ್‌ಟೈಮ್!" ಎನ್ನುತ್ತಾರೆ. ನನ್ನ ಸೊಂಟದ ಡಿಸ್ಕಿಗೆ ಆ ಪದ ಗೊತ್ತಿಲ್ಲ.

ಚಾಮುಂಡಿ ಬೆಟ್ಟದಿಂದ ಒಂದು ಬಿಡಯ್ಯಾ ಎಂದು ತಮಾಷೆಗೆ ಅಂದಿದ್ದೆ. ಮರುದಿನ ಲೆಕ್ಕ ಬಂತು. "ಊರಿಗಿಂತ ಸುಮಾರು 300 ಮೀಟರ್ ಎತ್ತರ. ಗಾಳಿ, ಘರ್ಷಣೆ ಬಿಟ್ಟರೆ ಕೆಳಗೆ ಬರೋ ಹೊತ್ತಿಗೆ ಗಂಟೆಗೆ 276 ಕಿ.ಮೀ. ಆಗಲ್ಲ ಅಂಕಲ್. ನಂದಿ ಹತ್ರ ಬ್ರೇಕ್ ಹಾಕಬೇಕಾಗುತ್ತೆ, ಲೈನ್ ಕೆಡುತ್ತೆ." ಬದಲಿಗೆ ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನವನ್ನು ಕಟ್ಟಿದ್ದಾರೆ. ಹಪ್ಪಳದ ಅಂಗಡಿಯೂ ಇದೆ. ಒಂದೇ ಕೊರಗು: ಆಟದ ಜನರೆಲ್ಲ ಚಡ್ಡಿಯವರು, ಪಂಚೆ ಉಟ್ಟವನು ಒಬ್ಬನೂ ಸಿಗುವುದಿಲ್ಲ.

ಅದರ ಉದ್ಘಾಟನೆಗೆ ಭಾನುವಾರ ಸಂಜೆ ಐದಕ್ಕೆ ನನ್ನನ್ನೂ ಕರೆದಿದ್ದರು. "ನಾಲ್ಕೂವರೆಯಿಂದ ಆರು ರಾಹುಕಾಲ, ಸ್ವಲ್ಪ ತಡಿ" ಎಂದರು ಅಮ್ಮ, ಮೊಳೆಯಿಂದ ಪಂಚಾಂಗ ತೆಗೆದೇ ತೋರಿಸಿ. ಮಗ ಕೇಳಲಿಲ್ಲ. ಮೊದಲ ರೈಲು ಟಕಟಕ ಎಂದು ತುದಿಗೇರಿ, ಇನ್ನೇನು ಇಳಿಯಬೇಕು, ಕರೆಂಟು ಹೋಯಿತು. ಯು.ಪಿ.ಎಸ್. ಎರಡು ಸಲ ಕೀಂಗುಟ್ಟಿ ಕಣ್ಣು ಮುಚ್ಚಿತು. ಸೇವ್ ಮಾಡಿರಲಿಲ್ಲ. ಕಪ್ಪಾದ ಪರದೆಯ ಮುಂದೆ ಅಮ್ಮ ಕಾಫಿ ತಂದುಕೊಟ್ಟರು, ಒಂದು ಮಾತೂ ಆಡದೆ. ಆಡಿದ್ದರೇ ವಾಸಿಯಿತ್ತು.

ಇಷ್ಟೆಲ್ಲ ಆದಮೇಲೆ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ: "ನಿಜವಾದ್ದನ್ನ ಎಷ್ಟು ಸಲ ಹತ್ತಿದೀಯಾ?"

ಉತ್ತರ ಅಡುಗೆಮನೆಯಿಂದ ಬಂತು. "ಅವನಾ? ಒಂಟಿಕೊಪ್ಪಲ್ ಬಿಟ್ಟು ಸುಂಟಿಕೊಪ್ಪ ಮುಟ್ಟೋದ್ರೊಳಗೆ ಎರಡು ನಿಂಬೆಹಣ್ಣು ಮುಗಿಸ್ತಾನೆ. ಮಡಿಕೇರಿ ಬಸ್ಸೇ ಆಗಲ್ಲ ಅವನಿಗೆ."

ಲೂಪಾಚಾರ್ಯರು ವಿಚಲಿತರಾಗಲಿಲ್ಲ. "ಪಂಚಾಂಗ ಬರೆಯೋರೇನು ಶನಿಗ್ರಹಕ್ಕೆ ಹೋಗಿ ಬಂದಿರ್ತಾರಾ ಅಂಕಲ್?"

ಒಂಟಿಕೊಪ್ಪಲಿನಲ್ಲಿ ನಿಂತು ಈ ಮಾತಿಗೆ ಎದುರಾಡುವ ಧೈರ್ಯ ನನಗಿಲ್ಲ.

ಹೋದ ಬೇಸಿಗೆಯಲ್ಲಿ ತಮ್ಮ ಅಕ್ಕನ ಮಕ್ಕಳನ್ನು ಬಿಡದಿಯ ವಂಡರ್‌ಲಾಕ್ಕೆ ಕರೆದುಕೊಂಡು ಹೊರಟರು. ವ್ಯಾನಿನಲ್ಲಿ ಒಂದು ಸೀಟು ಖಾಲಿ ಇತ್ತು, ನಾನೂ ಹೋದೆ. ರೀಕಾಯಿಲ್ ಎಂಬ ರೋಲರ್ ಕೋಸ್ಟರಿನ ಮುಂದೆ ನಿಂತೆವು. ಮುಂದಕ್ಕೆ ಹೋಗಿ ತಲೆಕೆಳಗಾಗಿ, ಅದೇ ಹಳಿಯಲ್ಲಿ ಹಿಂದುಹಿಂದಕ್ಕೆ ವಾಪಸ್ಸು ಬರುತ್ತದೆ. ರಕ್ತದೊತ್ತಡ ಇರುವವರಿಗೆ ಇದು ಬೇಡ ಎಂಬ ಸೂಚನೆಗೆ ನಾನು ಋಣಿ. ಅವರಿಗೆ ರಕ್ತದೊತ್ತಡ ಇಲ್ಲ. "ಬ್ಯಾಗು ನೋಡ್ಕೊಳೋರು ಬೇಕಲ್ಲ" ಎಂದರು. ಬ್ಯಾಗು ನನ್ನ ಕೈಯಲ್ಲಿತ್ತು. ಅವರ ಕೈಯಲ್ಲಿದ್ದದ್ದು ಮಕ್ಕಳ ಮೂರು ಜೊತೆ ಚಪ್ಪಲಿ.

ರೈಲು ಹೋಗಿ ಬರುವಷ್ಟು ಹೊತ್ತೂ ಕಂಬದ ಬುಡದ ಬೋಲ್ಟುಗಳನ್ನೇ ನೋಡುತ್ತಿದ್ದರು. "ಸರಿಯಾಗಿ ಹಾಕಿದಾರೆ" ಎಂದರು, ತಮ್ಮದನ್ನು ನೋಡಿ ಇವರು ಕಲಿತಿದ್ದಾರೇನೋ ಅನ್ನುವ ಹಾಗೆ.

ಹತ್ತು ವರ್ಷದ ಸೊಸೆಮುದ್ದು ಕೂದಲು ಕೆದರಿಕೊಂಡು ಇಳಿದು ಬಂದಳು. ಮಾಮನ ಜೇಬಿನಿಂದ ಪುಟ್ಟ ಡೈರಿ ಹೊರಬಂತು. "ಲೂಪ್ ಒಳಗೆ ಹೋಗುವಾಗ ಕತ್ತು ಭಾರ ಆಯ್ತಾ? ಮೇಲೆ ಸೀಟಿಗೆ ಒತ್ತಿದ ಹಾಗಿತ್ತಾ, ತೇಲಿದ ಹಾಗಿತ್ತಾ?"

"ಗೊತ್ತಿಲ್ಲ ಮಾಮಾ. ನಾನು ಕಣ್ಣು ಮುಚ್ಕೊಂಡು ಕಿರುಚ್ತಾ ಇದ್ದೆ."

ಡೈರಿ ಮುಚ್ಚಿತು. ಲೂಪಾಚಾರ್ಯರು ಒಂದು ನಿಮಿಷ ಆ ಸಾಲನ್ನೂ, ತಮ್ಮ ಕೈಯ ಚಪ್ಪಲಿಗಳನ್ನೂ ನೋಡಿದರು.

"ಹೋಗು ಮರಿ, ಇನ್ನೊಂದು ಸಲ ಹೋಗ್ಬಾ. ಈ ಸಲ ಕಣ್ಣು ಬಿಟ್ಕೊಂಡಿರು."