ಭಟ್ರ ತಲೆಯ ಸುತ್ತ ತಿರುಗಿದ ತೋಟ

(ತೀರ್ಥಹಳ್ಳಿಯ ಒಂದು ಹಳೇ ಫೋಟೋ ಸ್ಟುಡಿಯೋ. ಜುಲೈ ತಿಂಗಳು; ಮಳೆ ಹೊಯ್ಯುತ್ತಿದೆ ಎಂದು ಬೇರೆ ಹೇಳಬೇಕಿಲ್ಲ. ಸೊಸೈಟಿ ಸಾಲದ ಅರ್ಜಿಗೆ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸಲು ಬಂದ ಭಟ್ರು ಸ್ಟೂಲಿನ ಮೇಲೆ ಕೂತಿದ್ದಾರೆ. ಮಾಲೀಕ ಸುಬ್ಬಣ್ಣ ಲೈಟ್ ಹಾಕುವಷ್ಟರಲ್ಲಿ ಬೆಂಗಳೂರಿನಿಂದ ಬಂದಿರುವ ಅವನ ತಂಗಿಯ ಮಗ ವಿನಯ ಒಳಗೆ ನುಗ್ಗುತ್ತಾನೆ.)

ವಿನಯ: ಮಾವ, ಹೊಸ ಲೆನ್ಸ್ ತಂದಿದ್ದೀನಿ. 1979ರದು!

ಸುಬ್ಬಣ್ಣ: ಹೊಸತು, 1979ರದು. ಸರಿ, ಮುಂದೆ ಹೇಳು.

ವಿನಯ: ಹೀಲಿಯೋಸ್ 44-2. ರಷ್ಯಾದ ಝೆನಿಟ್ ಕ್ಯಾಮೆರಾ ಜೊತೆ ಬರ್ತಿತ್ತಲ್ಲ, ಅದೇ.

ಸುಬ್ಬಣ್ಣ: ಗೊತ್ತು ಮಾರಾಯ. ಆ ಝೆನಿಟ್ ನೇತುಹಾಕಿಕೊಂಡೇ ನನ್ನ ಎಡಭುಜ ಒಂದು ಇಂಚು ಇಳಿದದ್ದು. ಇಸವಿ ನಿಂಗೆ ಯಾರು ಹೇಳಿದ್ದು?

ವಿನಯ: ಸೀರಿಯಲ್ ನಂಬರ್ ನೋಡಿ, ಮೊದಲ ಎರಡು ಅಂಕಿ 79. ಕ್ರಾಸ್ನಗೋರ್ಸ್ಕ್ ಕಾರ್ಖಾನೆ ಲೆನ್ಸಲ್ಲಿ ಸಾಮಾನ್ಯವಾಗಿ ಅದೇ ಇಸವಿ.

ಭಟ್ರು: ಎತ್ತಿಗೆ ಹಲ್ಲು ನೋಡ್ತಾರಲ್ಲ, ಹಾಗೆ. ಎಷ್ಟು ಕೊಟ್ಟೆ ಅಪ್ಪಿ?

ವಿನಯ: ಲೆನ್ಸಿಗೆ ಐದು ಸಾವಿರ. ಅಡಾಪ್ಟರ್ ರಿಂಗಿಗೆ ಎರಡು.

(ಭಟ್ರು ರಿಂಗನ್ನು ಎತ್ತಿ ಕಣ್ಣಿಗೆ ಹಿಡಿಯುತ್ತಾರೆ. ಆಚೆ ಕಡೆ ಸುಬ್ಬಣ್ಣ ಕಾಣುತ್ತಾನೆ.)

ಭಟ್ರು: ಇದರೊಳಗೆ ಎಂಥದೂ ಇಲ್ಲವಲ್ಲ!

ವಿನಯ: ಇರಬಾರದು ಭಟ್ರೇ, ಬರೀ ಗಾಳಿ. ಹಳೇ ಕ್ಯಾಮೆರಾದಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಕನ್ನಡಿ ಇರ್ತಿತ್ತು, ಅದು ಏಳೋಕೆ ಜಾಗ ಬೇಕು. ಹಾಗಾಗಿ ಈ ಲೆನ್ಸು ಫಿಲ್ಮಿನಿಂದ 45.46 ಮಿಲಿಮೀಟರ್ ದೂರ ಕೂರುತ್ತೆ. ನನ್ನ ಸೋನಿಯಲ್ಲಿ ಕನ್ನಡಿಯೇ ಇಲ್ಲ, ದೂರ 18 ಮಿಲಿಮೀಟರ್ ಅಷ್ಟೇ. ಉಳಿದ 27.46 ಮಿಲಿಮೀಟರ್ ತುಂಬಿಸೋದಕ್ಕೆ ಈ ರಿಂಗು.

ಭಟ್ರು: ಎರಡೂ ಮುಕ್ಕಾಲು ಸೆಂಟಿಮೀಟರ್ ಗಾಳಿಗೆ ಎರಡು ಸಾವಿರ! ನಮ್ಮ ಆಗುಂಬೆ ಘಾಟಿಯ ಗಾಳಿ ಅಳೆದು ಮಾರಿದ್ದರೆ ನಂಗೆ ಸೊಸೈಟಿ ಸಾಲವೇ ಬೇಡವಾಗಿತ್ತು.

ಸುಬ್ಬಣ್ಣ: ನನ್ನ ನಿಕಾನ್ ಡಿಎಸ್ಎಲ್ಆರ್‌ಗೆ ಆಗ್ತದನಾ ಇದು?

ವಿನಯ: ಕಷ್ಟ ಮಾವ. ಅದರ ದೂರ 46.5. ಲೆನ್ಸನ್ನು ಒಂದು ಮಿಲಿಮೀಟರ್ ಒಳಗೆ ತಳ್ಳಬೇಕಾಗುತ್ತೆ. ಬರೀ ರಿಂಗ್ ಹಾಕಿದ್ರೆ ಹತ್ತಿರದ ಹೂವು ಬರುತ್ತೆ, ಕುಂದಾದ್ರಿ ಬೆಟ್ಟ ಮಾತ್ರ ಮಸುಕು.

ಸುಬ್ಬಣ್ಣ: ಈ ತಿಂಗಳಲ್ಲಿ ಕುಂದಾದ್ರಿ ಯಾವ ಲೆನ್ಸಿಗೂ ಕಾಣೂದಿಲ್ಲ ಬಿಡು.

ವಿನಯ: ಭಟ್ರೇ, ಹಿಂದಿನ ಜಗಲಿಗೆ ಬನ್ನಿ. ನಿಮ್ಮ ಹಿಂದೆ ಅಡಿಕೆ ತೋಟ ಬರಲಿ. ಹಾಂ, ಅಲ್ಲೇ ನಿಲ್ಲಿ. ಅಲುಗಾಡಬೇಡಿ.

(ಕ್ಲಿಕ್ ಆಗುವುದಿಲ್ಲ. ಲೆನ್ಸೇ ಇಲ್ಲ ಎಂದು ಕ್ಯಾಮೆರಾ ತಕರಾರು ತೆಗೆಯುತ್ತದೆ.)

ಸುಬ್ಬಣ್ಣ: ಎದುರಿಗೆ ಇಷ್ಟು ದಪ್ಪದ್ದು ಕೂತಿದೆ, ಕಾಣೂದಿಲ್ಲವಂತಾ?

ವಿನಯ: ಇದರಲ್ಲಿ ಕರೆಂಟಿನ ಪಿನ್ನುಗಳಿಲ್ವಲ್ಲ ಮಾವ. ಲೆನ್ಸ್ ಇಲ್ಲದೆಯೂ ಕ್ಲಿಕ್ ಮಾಡು ಅಂತ ಮೆನುವಲ್ಲಿ ಒಪ್ಪಿಗೆ ಕೊಡಬೇಕು. ಕೊಟ್ಟೆ. ಕೈ ನಡುಗಿದರೆ ತಡೆಯೋ ವ್ಯವಸ್ಥೆಗೆ 58 ಮಿಲಿಮೀಟರ್ ಅಂತಲೂ ನಾನೇ ಹೇಳಬೇಕು. ಹೇಳಿದೆ.

ಭಟ್ರು: ನಾನು ಉಸಿರು ಬಿಡಬಹುದಾ?

ವಿನಯ: ಒಂದೇ ನಿಮಿಷ. ನೋಡಿ ಮಾವ, ಎಲ್ಲಿ ಫೋಕಸ್ ಇದೆಯೋ ಅಲ್ಲಿ ಕೆಂಪು ಗೆರೆ. ಇದಕ್ಕೆ ಪೀಕಿಂಗ್ ಅಂತಾರೆ.

ಸುಬ್ಬಣ್ಣ: ಭಟ್ರ ಮೂಗು, ಮೀಸೆ, ಕಿವಿ, ಹಿಂದಿನ ದರೆ, ಎಲ್ಲದಕ್ಕೂ ಕೆಂಪೇ ಇದೆಯಲ್ಲ. ಯಾವುದನ್ನ ನಂಬೂದು?

ವಿನಯ: ಬೆಳಕಿನ ಕಿಂಡಿ ಪೂರ್ತಿ ತೆರೆದ ಎಫ್ 2ರಲ್ಲಿ ಅದನ್ನ ಪೂರ್ತಿ ನಂಬೋ ಹಾಗಿಲ್ಲ. ಕಣ್ಣನ್ನ ದೊಡ್ಡದು ಮಾಡಿಕೊಂಡು ಹಿಡೀಬೇಕು. ಈ ಲೆನ್ಸಲ್ಲಿ ಅರ್ಧ ಮೀಟರ್ ಹತ್ತಿರ ಹೋದರೆ ಸ್ಪಷ್ಟವಾಗಿ ಬರೋದು ಒಂದು ಸೆಂಟಿಮೀಟರ್ ಒಳಗಿನ ಭಾಗ ಮಾತ್ರ.

(ಕ್ಲಿಕ್. ಮೂವರೂ ಪರದೆಗೆ ಬಗ್ಗುತ್ತಾರೆ. ಭಟ್ರ ಮೂಗಿನ ತುದಿಯ ಮೇಲಿನ ಮಳೆಹನಿ ಅತ್ಯಂತ ಸ್ಪಷ್ಟವಾಗಿದೆ, ಭಟ್ರು ಅಷ್ಟಿಲ್ಲ. ಮತ್ತೊಂದು ಕ್ಲಿಕ್, ಕಿವಿ. ಇನ್ನೊಂದು, ಕೊನೆಗೂ ಕಣ್ಣು.)

ಭಟ್ರು: ಅಯ್ಯೋ, ಹಿಂದೆ ತೋಟವೆಲ್ಲ ಗರಗರ ತಿರುಗ್ತಾ ಇದೆಯಲ್ಲ! ಸುಬ್ಬಣ್ಣ, ನಂಗೆ ಬೆಳಿಗ್ಗೆ ಬಿಪಿ ಮಾತ್ರೆ ತಗೊಂಡ ನೆನಪಿಲ್ಲ.

ವಿನಯ: ನಿಮ್ಮ ಬಿಪಿ ಅಲ್ಲ ಭಟ್ರೇ, ಇದೇ ಹೀಲಿಯೋಸಿನ ವಿಶೇಷ! ಎಲೆ ಸಂದಿನ ಬೆಳಕಿನ ಚುಕ್ಕೆ ನಡುವೆ ದುಂಡಗೆ ಬರುತ್ತೆ. ಮೂಲೆಗೆ ಹೋಗೋ ಬೆಳಕನ್ನ ಲೆನ್ಸಿನ ಕೊಳವೆಯೇ ಪಕ್ಕದಿಂದ ಕತ್ತರಿಸಿಬಿಡುತ್ತೆ. ಹಾಗಾಗಿ ಅಲ್ಲಿ ಚುಕ್ಕೆ ಚಪ್ಪಟೆಯಾಗಿ ನಿಮ್ಮ ತಲೆ ಸುತ್ತ ಸಾಲು ನಿಲ್ಲುತ್ತೆ.

ಸುಬ್ಬಣ್ಣ: ಅದು ದೋಷ ಕಣೋ! ಎಫ್ 5.6ಕ್ಕೆ ಹಾಕು, ಸರಿ ಹೋಗ್ತದೆ.

ವಿನಯ: ಹಾಕಿದ್ರೆ ಸುತ್ತೋದು ಹೊರಟುಹೋಗುತ್ತಲ್ಲ ಮಾವ.

ಸುಬ್ಬಣ್ಣ: ಹೋಗ್ಲಿ ಅಂತಲೇ ನಾವು ಹಾಕ್ತಿದ್ದದ್ದು! ಎದುರು ಬಿಸಿಲು ಬಿದ್ದರೆ ಚಿತ್ರ ಬೆಳ್ಳಗಾಗ್ತಿತ್ತು. ಮದುವೆ ಆಲ್ಬಮ್ ಕೊಟ್ಟು ಬೈಸಿಕೊಂಡವ ನಾನು. ಅದೆಲ್ಲ ತಪ್ಪಿಸೂಕೆ ಸಾಲ ಮಾಡಿ ಒಳ್ಳೇ ಲೆನ್ಸ್ ತಗೊಂಡೆ. ನೀನು ದುಡ್ಡು ಕೊಟ್ಟು ಅದನ್ನೇ ಮನೆಗೆ ಕರೆದು ತಂದಿದ್ದೀಯ.

ವಿನಯ: ನಿಮಗೆ ಇದ್ದದ್ದು ಇದೊಂದೇ ಲೆನ್ಸು, ಅದಕ್ಕೇ ಬೈದಿರಿ. ನನ್ನ ಹತ್ರ ಸರಿಯಾಗಿ ತೆಗೆಯೋದು ಬೇರೆ ಇದೆ. ಇದು ಭಾನುವಾರಕ್ಕೆ.

(ಈ ಮಾತಿಗೆ ಸುಬ್ಬಣ್ಣನ ಬಳಿ ಉತ್ತರವಿಲ್ಲ. ನಿಜ ಹೇಳಬೇಕೆಂದರೆ ನನ್ನ ಬಳಿಯೂ ಇಲ್ಲ. ಅವನು ಕ್ಯಾಮೆರಾ ಕಿತ್ತುಕೊಂಡು ಲೆನ್ಸಿನ ಕಿಂಡಿ ಮುಚ್ಚುವ ರಿಂಗನ್ನು ಎಫ್ 16ರವರೆಗೆ ತಿರುಗಿಸಿ, ಕಣ್ಣಿಟ್ಟು, ತೆಗೆದು, ಮತ್ತೆ ಇಡುತ್ತಾನೆ.)

ಸುಬ್ಬಣ್ಣ: ಅಲ್ಲ, ಎಫ್ 16ಕ್ಕೂ ಕತ್ತಲಾಗೂದಿಲ್ಲವನಾ?

ವಿನಯ: ಕ್ಯಾಮೆರಾನೇ ಬೆಳಕು ಹೆಚ್ಚಿಸಿ ತೋರಿಸುತ್ತೆ.

ಸುಬ್ಬಣ್ಣ: ನಮ್ಮ ಝೆನಿಟ್‌ನಲ್ಲಿ ರಿಂಗ್ ಪೂರ್ತಿ ತೆರೆದು ಫೋಕಸ್ ಮಾಡೂದು, ಆಮೇಲೆ ಮುಚ್ಚೂದು, ಆಮೇಲೆ ಕ್ಲಿಕ್. ಮುಚ್ಚಿದಮೇಲೆ ಒಳಗೆ ಕಾಳರಾತ್ರಿ. ಅಷ್ಟರಲ್ಲಿ ಮದುಮಗ ತಾಳಿ ಕಟ್ಟಿ ಊಟಕ್ಕೆ ಕೂತಿರ್ತಿದ್ದ. (ಮೆಲ್ಲಗೆ) ಈ ಲೆನ್ಸಿಗೆ ಇದು ಒಳ್ಳೇ ಮನೆ ಮಾರಾಯ.

(ಸುಬ್ಬಣ್ಣನ ಹೆಂಡತಿ ಶಾರದಕ್ಕ ಕಾಫಿ ತರುತ್ತಾಳೆ.)

ವಿನಯ: ಅತ್ತೆ, ಮುಂದಿನ ತಿಂಗಳು ಜಪಾನಿನ ಟಾಕುಮಾರ್ 50 ಎಂಎಂ ಎಫ್ 1.4 ತಗೊಳ್ತೀನಿ. ಅದರ ಗಾಜಲ್ಲಿ ಥೋರಿಯಂ ಇದೆ, ಸ್ವಲ್ಪ ವಿಕಿರಣ ಸೂಸುತ್ತೆ. ವರ್ಷ ಕಳೆದಂತೆ ಗಾಜು ಹಳದಿಯಾಗುತ್ತೆ. ಕೆಲವು ದಿನ ಬಿಸಿಲಿಗಿಟ್ರೆ ತಿಳಿಯಾಗುತ್ತೆ.

ಶಾರದಕ್ಕ: ವಿಕಿರಣದ್ದು ಈ ಮನೆ ಹೊಸಿಲು ದಾಟೂದು ಬೇಡ. ಮತ್ತೆ ಬಿಸಿಲಿಗೆ? ಮೇ ತಿಂಗಳಲ್ಲಿ ಮಾಡಿದ ಹಪ್ಪಳವೇ ಇನ್ನೂ ಒಣಗಿಲ್ಲ.

(ಸುಬ್ಬಣ್ಣ ಹೀಲಿಯೋಸನ್ನು ಕ್ಯಾಮೆರಾದಿಂದ ಬಿಚ್ಚಿ, ಮೊಬೈಲಿನ ಟಾರ್ಚ್ ಹಚ್ಚಿ ಅದರ ಹಿಂಭಾಗದಿಂದ ಬೆಳಕು ಬಿಡುತ್ತಾನೆ. ಮುಖ ಗಂಭೀರವಾಗುತ್ತದೆ.)

ಸುಬ್ಬಣ್ಣ: ಇಲ್ಲಿ ನೋಡು. ಅಂಚಿನಲ್ಲಿ ಬಿಳೀ ಎಳೆ. ಫಂಗಸ್.

ವಿನಯ: ಏನೂ ತೊಂದರೆ ಇಲ್ಲ ಅಂದಿದ್ದ ಮಾರಿದವನು!

ಸುಬ್ಬಣ್ಣ: ಅವನಿಗೆ ಇಲ್ಲ. ಕೊಂಡವ ನೀನು. ಈಗಷ್ಟೇ ಶುರುವಾಗಿದೆ, ಫೋಟೋದಲ್ಲಿ ಕಾಣೂದಿಲ್ಲ. ಬಿಟ್ಟರೆ ಅದು ಬಿಡೋ ಆಮ್ಲ ಗಾಜಿನ ಮೇಲಿನ ಕೋಟಿಂಗನ್ನೇ ತಿಂತದೆ. ಆಮೇಲೆ ಎಷ್ಟು ಒರೆಸಿದರೂ ಕಲೆ ಹೋಗೂದಿಲ್ಲ.

ಶಾರದಕ್ಕ: ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟರೆ?

ಸುಬ್ಬಣ್ಣ: ಅಕ್ಕಿಯ ಧೂಳು ಒಳಗೆ ಹೋದರೆ ಫಂಗಸ್ಸಿಗೆ ಊಟ ಬಡಿಸಿದಂತಾಯ್ತು. ನಮ್ಮ ಬೀರುವಿನಲ್ಲಿ ಝೀರೋ ಬಲ್ಬ್ ಹಗಲೂ ರಾತ್ರಿ ಉರಿಯೂದು ಸುಮ್ಮನೆ ಅಲ್ಲ.

ಭಟ್ರು: ನನ್ನ ಸಾಲದ ಫೋಟೋ?

(ಸುಬ್ಬಣ್ಣ ತನ್ನ ನಿಕಾನ್ ಎತ್ತಿ, ಬಿಳಿ ಪರದೆ ಎಳೆದು, ಎಫ್ 8ಕ್ಕಿಟ್ಟು ಒಂದೇ ಸಲ ಒತ್ತುತ್ತಾನೆ. ಮೂಗು, ಕಿವಿ, ಕಣ್ಣು, ಮೀಸೆ ಎಲ್ಲವೂ ಬಂದಿವೆ. ಭಟ್ರು ಅದನ್ನು ನೋಡಿ ಮುಖ ಸಿಂಡರಿಸುತ್ತಾರೆ.)

ಭಟ್ರು: ಇದು ಸೊಸೈಟಿಗೆ ಇರಲಿ. ಆ ತೋಟ ತಿರುಗೂದನ್ನ ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಡಿ, ನಮ್ಮ ಜಗಲಿಗೆ. ಅದರಲ್ಲಿ ನಾನು ಹತ್ತು ವರ್ಷ ಚಿಕ್ಕವ ಕಂಡೆ.

ಸುಬ್ಬಣ್ಣ: ಕೇಳಿಸ್ತನಾ ವಿನಯ? ಲೆನ್ಸ್ ಬಿಸಾಡಬೇಡ. ನಾಳೆಯೇ ಬಿಚ್ಚಿ ತೊಳೆಯುವವರ ಹತ್ತಿರ ಕೊಡು. ತಂದಮೇಲೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡು. ಮುಂದಿನ ಸಲ ಹಳೇ ಲೆನ್ಸ್ ಕೊಳ್ಳುವಾಗ ಹಿಂದಿನಿಂದ ಟಾರ್ಚ್ ಬಿಟ್ಟು ನೋಡು, ಕಿಂಡಿಯ ಬ್ಲೇಡಿಗೆ ಎಣ್ಣೆ ಹತ್ತಿದೆಯಾ ನೋಡು, ಫೋಕಸ್ ರಿಂಗನ್ನೂ ಕಿಂಡಿಯ ರಿಂಗನ್ನೂ ತಿರುಗಿಸಿ ನೋಡು. ಹಣ ಕೊಡೂದು ಆಮೇಲೆ.